ವೆಂಕಟಲಕ್ಷ್ಮಿ ನೈರೋಬಿಗೆ ಹೋಗಲಿಲ್ಲ

ಆಫ್ರಿಕಾ ನೋಡಿ ಬಂದೆ ಎಂದರೆ ಸಾಕು, ನೆರೆಮನೆಯವರಿಂದ ಹಿಡಿದು ಹಾಲು ಹಾಕುವವಳವರೆಗೆ ಎಲ್ಲರೂ ಕೇಳುವುದು ಒಂದೇ: ಸಿಂಹ ನೋಡಿದಿರಾ? ಇಲ್ಲ, ನೋಡಲಿಲ್ಲ. ಸಿಂಹ ನೋಡಬೇಕೆನ್ನುವವರಿಗೆ ನಮ್ಮೂರಿನಲ್ಲೇ ಮೃಗಾಲಯವಿದೆ, ಹಡಗಿನ ಖರ್ಚೂ ಇಲ್ಲ. ಹತ್ತು ತಿಂಗಳಲ್ಲಿ ನಾನು ನೋಡಿದ್ದು ಬಾಡಿಗೆ ಕೋಣೆಯ ನಾಲ್ಕು ಗೋಡೆ, ತರಕಾರಿ ಸಂತೆಯ ತಕ್ಕಡಿ, ಸರ್ಕಾರಿ ಕಛೇರಿಯ ಒಂದು ಬೆಂಚು. ಅದನ್ನೇ ಬರೆಯುತ್ತೇನೆ. ಮದುವೆಯಾಗಿ ಹಡಗು ಹತ್ತಲು ಪೆಟ್ಟಿಗೆ ಕಟ್ಟುತ್ತಿರುವ ಹುಡುಗಿಯರು ಯಾರಾದರೂ ಇದ್ದರೆ ಓದಲಿ. ಅವರ ಅಪ್ಪಂದಿರು ಓದಿದರೆ ಇನ್ನೂ ಒಳ್ಳೆಯದು.

ಕುಂಬಾರಕೊಪ್ಪಲು

ನನ್ನ ಹೆಸರು ವೆಂಕಟಲಕ್ಷ್ಮಿ. ಅಪ್ಪ ಅರಮನೆಯ ಕುದುರೆ ಲಾಯದಲ್ಲಿ ದಫೇದಾರರಾಗಿದ್ದರು. ಮಗಳು ಬಿ.ಎಸ್‌ಸಿ., ಬಿ.ಟಿ. ಮಾಡಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಡಂ ಆದಾಗ ಅವರು ಲಾಯದಲ್ಲಿ ಇಡೀ ದಿನ ಸಕ್ಕರೆ ಹಂಚಿದರಂತೆ, ಕುದುರೆಗಳಿಗೂ ಸೇರಿಸಿ. ಎಂಟು ವರ್ಷ ಪಾಠ ಮಾಡಿದೆ. ಅಷ್ಟರಲ್ಲಿ ವಯಸ್ಸು ಮೂವತ್ತರ ಹತ್ತಿರ ಬಂತು. ಹುಡುಗಿ ಹೆಚ್ಚು ಓದಿದ್ದಾಳೆಂದು ಕೆಲವರು, ದುಡಿಯುತ್ತಾಳೆಂದು ಕೆಲವರು, ಬಣ್ಣ ಸಾಲದೆಂದು ಉಳಿದವರು ಉಪ್ಪಿಟ್ಟು ತಿಂದು ಎದ್ದುಹೋದರು.

ಆಗ ಬಂದದ್ದು ಇವರ ಸಂಬಂಧ. ಕುಂಬಾರಕೊಪ್ಪಲಿನ ಒಕ್ಕಲು ಮನೆ. ಹಿರಿಯ ಮಗ ಊರಲ್ಲೇ ಹೊಲ ನೋಡಿಕೊಳ್ಳುತ್ತಿದ್ದರು. ಎರಡನೆಯವರಾದ ಇವರು ನೈರೋಬಿಯ ಒಂದು ಕಂಪನಿಯಲ್ಲಿ ಲೆಕ್ಕದ ಗುಮಾಸ್ತರು. ಆರು ವಾರದ ರಜೆಯಲ್ಲಿ ಹೆಣ್ಣು ನೋಡಿ, ಮದುವೆಯಾಗಿ, ಹಿಂದಕ್ಕೆ ಹೋಗಬೇಕಿತ್ತು.

ಮನೆ ತುಂಬಿಸಿಕೊಳ್ಳುವ ದಿನ ಒಂದು ತೊಡಕು ಬಂತು. ನಮ್ಮ ಅತ್ತೆಯ ಹೆಸರೂ ವೆಂಕಟಲಕ್ಷ್ಮಮ್ಮ. ಅತ್ತೆ ಸೊಸೆ ಇಬ್ಬರಿಗೂ ಒಂದೇ ಹೆಸರಾದರೆ ಗಂಡನಾದವನು ಹೆಂಡತಿಯನ್ನು ಕೂಗುವುದು ಹೇಗೆ? ಹೆತ್ತ ತಾಯಿಯ ಹೆಸರು ಹಿಡಿದು ಕೂಗಿದಂತಾಗುವುದಿಲ್ಲವೇ? ಇದಕ್ಕೆ ನಮ್ಮ ಕಡೆ ಮದ್ದು ಹಳೆಯದು. ತಟ್ಟೆಯ ತುಂಬ ಅಕ್ಕಿ ಹರಡಿದರು. ಇವರು ಅದರ ಮೇಲೆ ಬೆರಳಿನಿಂದ ‘ಶಾರದಾ’ ಎಂದು ಬರೆದರು. ಹೆಂಗಸರು ಮೂರು ಸಲ ಶಾರದಾ ಎಂದು ಕೂಗಿದರು, ನಾನು ಮೂರು ಸಲ ಓ ಎಂದೆ. ಮಾರನೆಯ ದಿನ ಆ ಅಕ್ಕಿಯಲ್ಲೇ ಪಾಯಸ ಮಾಡಿ ಬಡಿಸಿದರು. ನಾನೂ ಉಂಡೆ.

ಇವರು ಹೊರಟುಹೋದ ಮೇಲೆ ಭಾವನವರು ಓಡಾಡಿ ನನಗೆ ಪಾಸ್‌ಪೋರ್ಟ್ ಮಾಡಿಸಿದರು. ಅಮಲ್ದಾರರ ಮುಂದೆ ನಿಂತು, ನನ್ನ ತಮ್ಮನ ಹೆಂಡತಿ ಶಾರದಾ ಎಂದು ಸಾಕ್ಷಿ ಹೇಳಿದರು. ಅರ್ಜಿಗೆ ಸಹಿ ಹಾಕಿದವಳು ನಾನೇ. ಹೊಸ ಹೆಸರಿನ ಸಹಿಯನ್ನು ಹಿಂದಿನ ದಿನ ಹಳೆಯ ನೋಟ್‌ಬುಕ್ಕಿನ ಎರಡು ಹಾಳೆ ತುಂಬ ಅಭ್ಯಾಸ ಮಾಡಿದ್ದೆ. ಮೊದಲು ಹೆಸರು, ನಂಬರು ಸರಿಯಾಗಿದೆಯೇ ನೋಡಿಕೊಳ್ಳಿ, ಆಮೇಲೆ ಲೆಕ್ಕ ಮಾಡಿ ಎಂದು ಎಂಟು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು. ನನ್ನ ಬುದ್ಧಿ ಅವತ್ತು ಎಲ್ಲಿ ಮೇಯಲು ಹೋಗಿತ್ತೋ ತಿಳಿಯದು.

ಒಂದು ಕೆಲಸ ಮಾತ್ರ ಬುದ್ಧಿವಂತಿಕೆಯಿಂದ ಮಾಡಿದೆ. ರಾಜೀನಾಮೆ ಕೊಡದೆ ಒಂದು ವರ್ಷದ ಸಂಬಳವಿಲ್ಲದ ರಜೆ ಕೇಳಿದೆ. ನಮ್ಮ ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿಂದ ನೋಡಿ, “ವರ್ಷದೊಳಗೆ ಬಂದ್ರೆ ನಿಮ್ಮ ಜಾಗ ನಿಮ್ದೇ ಕಣ್ರೀ. ಒಂದು ದಿನ ಆಚೆ ಆದ್ರೂ ನನ್ನ ಕೈಲಿಲ್ಲ” ಎಂದರು. ನಾನು ನಕ್ಕೆ. ಅಲ್ಲಿ ಟೀಚರುಗಳನ್ನು ಕರೆದು ಕರೆದು ಕೆಲಸ ಕೊಡುತ್ತಾರೆಂದು ಇವರು ಬರೆದಿದ್ದರು.

ಹಡಗು

ಬೊಂಬಾಯಿಯಿಂದ ಹತ್ತು ದಿನ. ನಮ್ಮ ಕೋಣೆಯಲ್ಲಿ ಆರು ಹೆಂಗಸರು, ನನ್ನನ್ನು ಬಿಟ್ಟರೆ ಎಲ್ಲರೂ ಗುಜರಾತಿಗಳು. ಹೆಸರು ಕೇಳಿದರು, ಶಾರದಾ ಎಂದೆ. ಆಮೇಲೆ ಅವರು ಶಾರದಾ ಶಾರದಾ ಎಂದು ಕೂಗಿದರೆ ನಾನು ತಿರುಗುತ್ತಲೇ ಇರಲಿಲ್ಲ, ಕಿವಿಗೆ ಆ ಹೆಸರು ಇನ್ನೂ ಹತ್ತಿರಲಿಲ್ಲ. ಪಾಪ, ಹುಡುಗಿ ಕಿವುಡಿ ಎಂದು ಅವರು ತೀರ್ಮಾನಿಸಿದರು. ಅವರಲ್ಲೊಬ್ಬ ಮುದುಕಿ ಹತ್ತು ದಿನವೂ ನನ್ನ ಕಿವಿಯ ಬಳಿ ಬಾಯಿಟ್ಟು ಕಿರುಚಿ ಊಟಕ್ಕೆ ಕರೆದರು. ನಿಜ ಹೇಳೋಣವೆಂದರೆ ನನಗೆ ಹಿಂದಿ ಅಷ್ಟು ಬರುತ್ತಿರಲಿಲ್ಲ. ಕಿವುಡಿಯಾಗಿಯೇ ಸಮುದ್ರ ದಾಟಿದೆ.

ಮೊಂಬಾಸಾ

ಸುಂಕದವನು ನನ್ನ ಪೆಟ್ಟಿಗೆಯಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿಸಿದ. ರಾಗಿ ಹಿಟ್ಟು. ಇದೇನು, ಯಾವ ಔಷಧ ಎಂದು ಮೂಸಿ ಮೂಸಿ ನೋಡಿದ. ಹೇಳಲು ನನಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಕರಿಯ ಕೂಲಿಯವನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡವನೇ ಮುಖವೆಲ್ಲ ಹಲ್ಲಾಗಿ “ವಿಂಬಿ, ವಿಂಬಿ” ಎಂದ. ಅವರೂ ಅದನ್ನು ಗಂಜಿ ಕಾಯಿಸಿ ಕುಡಿಯುತ್ತಾರಂತೆ. ಪರದೇಶದಲ್ಲಿ ನನ್ನ ಗುರುತು ಹಿಡಿದ ಮೊದಲನೆಯವನು ಅವನೇ.

ಕರೆದುಕೊಂಡು ಹೋಗಲು ಬಂದಿದ್ದ ಇವರು ಡಬ್ಬಿಯನ್ನು ಬೇಗ ಬೇಗ ಮುಚ್ಚಿದರು. “ಇದನ್ಯಾಕೆ ಹೊತ್ಕೊಂಡ್ ಬಂದೆ? ಇಲ್ಲಿ ಇದನ್ನ ಆಳುಗಳು ತಿನ್ನೋದು ಕಣೇ. ನಮ್ಮೋರ್ಯಾರೂ ಮುಟ್ಟಲ್ಲ.”

ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ ಅಧಿಕಾರಿ, ಇವಳು ಗಂಡನ ಅವಲಂಬಿತೆ, ಅನುಮತಿಯಿಲ್ಲದೆ ಕೆಲಸಕ್ಕೆ ಸೇರತಕ್ಕದ್ದಲ್ಲ ಎಂದು ಬರೆದುಕೊಟ್ಟ. ಎಂಟು ವರ್ಷ ಅಪ್ಪನ ಮನೆಯ ಅಕ್ಕಿ ಬೇಳೆ ತಂದವಳು ಒಂದು ಮುದ್ರೆಗೆ ಅವಲಂಬಿತೆಯಾದೆ. “ಅದೆಲ್ಲ ಬರೀ ಶಾಸ್ತ್ರ, ಬುಡೇ” ಎಂದರು ಇವರು.

ನೈರೋಬಿ

ಇವರು ಕಾಗದದಲ್ಲಿ, ಮನೆಗೆ ದೊಡ್ಡ ಅಂಗಳವಿದೆ, ಕೆಲಸಕ್ಕೆ ಆಳಿದ್ದಾನೆ, ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತದೆ ಎಂದು ಬರೆದಿದ್ದರು. ಅಪ್ಪ ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದ್ದರು. ಬಂದು ನೋಡಿದರೆ ಒಂದು ಮಾತೂ ಸುಳ್ಳಲ್ಲ. ಅಂಗಳ ದೊಡ್ಡದೇ, ಸುತ್ತ ಕೋಣೆಗೊಂದರಂತೆ ಐದು ಸಂಸಾರ. ಐದು ಸಂಸಾರಕ್ಕೂ ಒಬ್ಬನೇ ಆಳು, ಒಂದೇ ನಲ್ಲಿ. ನಮ್ಮದು ಮೂಲೆಯ ಕೋಣೆ. ಎದುರು ಕೋಣೆಯಲ್ಲಿ ಕಾಂತಾಬೆನ್ ಎಂಬ ಗುಜರಾತಿ ಹೆಂಗಸು, ಅವರ ಗಂಡ ದರ್ಜಿ.

ಊರು ಚೆನ್ನಾಗಿದೆ, ಅದನ್ನು ಒಪ್ಪಬೇಕು. ತಂಪು ಗಾಳಿ, ಕೆಂಪು ಮಣ್ಣು, ರಸ್ತೆ ಬದಿಯಲ್ಲಿ ನೀಲಿ ಹೂವಿನ ಮರಗಳು. ಕಣ್ಣು ಅರ್ಧ ಮುಚ್ಚಿಕೊಂಡರೆ ನಮ್ಮ ಮೈಸೂರೇ. ಪೂರಾ ಬಿಟ್ಟುಕೊಂಡು ಅಂಗಡಿಗೆ ಹೋದರೆ ಬೇರೆ ಊರು. ಮೈಸೂರಿನಲ್ಲಿ ಇವರ ಸಂಬಳ ಕೇಳಿದವರೆಲ್ಲ ಷಿಲ್ಲಿಂಗನ್ನು ರೂಪಾಯಿಗೆ ಗುಣಿಸಿ ಕಣ್ಣರಳಿಸಿದ್ದರು. ಗುಣಾಕಾರ ಸರಿಯಾಗಿಯೇ ಇತ್ತು, ಭಾಗಾಕಾರವನ್ನು ಯಾರೂ ಮಾಡಿರಲಿಲ್ಲ, ಗಣಿತದ ಮೇಡಂ ಕೂಡ. ಅರ್ಧ ಸಂಬಳ ಬಾಡಿಗೆಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಒಂದು ಪಾಲು ಕುಂಬಾರಕೊಪ್ಪಲಿಗೆ. ತೆಂಗಿನಕಾಯಿ ಮೊಂಬಾಸಾದಿಂದ ರೈಲಿನಲ್ಲಿ ಬರಬೇಕು. ಒಂದು ಕಾಯಿಯನ್ನು ಮೂರು ದಿನ ತುರಿಯುತ್ತಿದ್ದೆ. ಕರಿಬೇವಿನ ಗಿಡ ಎರಡು ಬೀದಿಯಾಚೆ ಒಬ್ಬರ ಕುಂಡದಲ್ಲಿತ್ತು, ಹೋಗಿ ಕ್ಷೇಮಸಮಾಚಾರ ವಿಚಾರಿಸಿದರೆ ಆರು ಎಲೆ ಕೊಡುತ್ತಿದ್ದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಲು ಕೊಟ್ಟಿದ್ದೆನೋ.

ಇದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಆ ದೇಶಕ್ಕೆ ಸ್ವಾತಂತ್ರ್ಯ ಬರುವ ಕಾಲ ಅದು. ಅವರ ದೇಶ, ಬರಬೇಕಾದ್ದೇ. ನಮಗೆ ಬಂದಾಗ ನಾನೂ ಶಾಲೆಯಲ್ಲಿ ಸಾಲು ನಿಂತು ಪೆಪ್ಪರಮೆಂಟು ತಿಂದಿದ್ದೆ. ಆದರೆ ಅಲ್ಲಿದ್ದ ನಮ್ಮ ಜನರ ಎದೆ ಡವಗುಟ್ಟುತ್ತಿತ್ತು. ಇವರ ಕಂಪನಿಯ ಯಜಮಾನರು ವ್ಯಾಪಾರವನ್ನು ಮೆಲ್ಲಗೆ ಲಂಡನ್ನಿಗೆ ಸಾಗಿಸುತ್ತಿದ್ದಾರೆಂದು ಸುದ್ದಿ. ತಿಂಗಳಿಗೊಬ್ಬ ಗುಮಾಸ್ತನಿಗೆ ನೋಟೀಸು. ಶನಿವಾರ ಮಧ್ಯಾಹ್ನ ಇವರು ಬಂದು ಟೈ ಬಿಚ್ಚುವ ರೀತಿ ನೋಡಿಯೇ ಆ ವಾರ ಪಾರಾದರೆಂದು ತಿಳಿದುಕೊಳ್ಳುತ್ತಿದ್ದೆ. ನನಗೆ ಕೆಲಸ ಸಿಕ್ಕರೆ ಆ ಊರಿನಲ್ಲಿ ನಮ್ಮ ಸಂಸಾರ ನಿಲ್ಲುತ್ತದೆ, ಸಿಗದಿದ್ದರೆ ಇಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ತರಕಾರಿ ಸಂತೆ

ತಂದ ರಾಗಿ ಹಿಟ್ಟು ಮುಗಿದ ಮೇಲೆ ಸಂತೆಗೆ ಹೋದಾಗ ಒಬ್ಬ ಹೆಂಗಸು ಗೋಣಿ ತಾಟಿನ ಮೇಲೆ ರಾಗಿ ರಾಶಿ ಹಾಕಿಕೊಂಡು ಕೂತಿದ್ದಳು. ಅಕ್ಕಿಯ ಕಾಲುಭಾಗವೂ ಬೆಲೆಯಿಲ್ಲ. ಚೀಲ ತುಂಬ ಕೊಂಡೆ, ಗಿರಣಿಗೆ ಹಾಕಿಸಿದೆ, ಮುದ್ದೆ ಕಟ್ಟಿದೆ. ಸೊಪ್ಪಿನ ಸಾರು ಬೇರೆ ಮಾಡಿದ್ದೆ. ಇವರು ತಟ್ಟೆ ನೋಡಿದವರೇ ಎದ್ದು ಬಾಗಿಲು ಹಾಕಿದರು.

“ಕಾಂತಾಬೆನ್ ನೋಡುದ್ರೆ ಏನಂದ್ಕೋತಾರೆ? ಆಳುಗಳ ಇಟ್ಟು ತಿಂತಾರೆ ಅಂತ ಅಂಗಳಕ್ಕೆಲ್ಲ ಸಾರ್ಬುಡ್ತಾರೆ.”

“ನಿಮ್ಮನ್ನ ಬೆಳೆಸಿದ್ದು ಈ ಹಿಟ್ಟೇ ಅಲ್ವೇನ್ರೀ?”

“ಅದು ಅಲ್ಲಿ. ಇಲ್ಲಿ ನಾವು ಎಂಗಿರ್ಬೇಕೋ ಅಂಗಿರ್ಬೇಕು.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಿಟ್ಟೂ ಇತ್ತು, ಬಾಗಿಲು ಹಾಕಿಕೊಂಡು ತಿನ್ನಬೇಕಾಗಿತ್ತು ಅಷ್ಟೇ. ಮುದ್ದೆ ಎರಡು ಉಂಡರು ಎನ್ನುವುದನ್ನೂ ಹೇಳಿಬಿಡುತ್ತೇನೆ.

ಒಂದು ದಿನ ಸಕ್ಕರೆ ಕೇಳಲು ಹೇಳದೆ ಕೇಳದೆ ಕಾಂತಾಬೆನ್ ಕೋಣೆಗೆ ನುಗ್ಗಿದೆ. ಅವರು ಬಾಗಿಲು ಮರೆಯಲ್ಲಿ ಕೂತು ಸಜ್ಜೆ ರೊಟ್ಟಿ ತಿನ್ನುತ್ತಿದ್ದರು. ನನ್ನನ್ನು ಕಂಡು ತಟ್ಟೆಯ ಮೇಲೆ ಸೆರಗು ಮುಚ್ಚಿದರು. ನಮ್ಮ ಮನೆಯವರಿಗೆ ಹೇಳಬೇಡ, ಸಜ್ಜೆಯನ್ನು ಗೋಧಿ ಡಬ್ಬಿಯ ತಳದಲ್ಲಿ ಇಟ್ಟಿರುತ್ತೇನೆ ಎಂದರು.

ಶಾಲೆ

ಐದನೆಯ ತಿಂಗಳಿನಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯಿಂದ ಕರೆ ಬಂತು. ಮುಖ್ಯಸ್ಥೆ ಗೋವಾದ ಮಿಸ್ ಪಿಂಟೊ, ನರೆತ ಕೂದಲು, ಬಿಗಿ ಬಾಯಿ. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂತರು. ಭಿನ್ನರಾಶಿ ಪಾಠ. ಮೂವತ್ತು ಹುಡುಗಿಯರು, ಮೊದಲ ಐದು ನಿಮಿಷ ನನ್ನ ಉಚ್ಚಾರಣೆಗೆ ಕಿಸಿಕಿಸಿ ನಕ್ಕರು, ಆಮೇಲೆ ಲೆಕ್ಕದಲ್ಲಿ ಮುಳುಗಿದರು. ಮೈಸೂರು ಬಿಟ್ಟ ಮೇಲೆ ನಾನು ಸುಖವಾಗಿದ್ದ ಒಂದೇ ಒಂದು ಗಂಟೆ ಅದು. ಗಂಟೆ ಹೊಡೆದಾಗ ಕಣ್ಣಲ್ಲಿ ನೀರು ಬಂತು, ಸೀಮೆಸುಣ್ಣದ ಧೂಳು ಎಂದು ಸುಳ್ಳು ಹೇಳಿದೆ.

ಮಿಸ್ ಪಿಂಟೊ ತಮ್ಮ ಕೋಣೆಗೆ ಕರೆದು, ಮುಂದಿನ ಟರ್ಮಿನಿಂದ ಬನ್ನಿ, ಸರ್ಟಿಫಿಕೇಟ್ ಕೊಡಿ, ಇಲಾಖೆಯಿಂದ ಅನುಮತಿ ತರಿಸುತ್ತೇನೆ ಎಂದರು. ಕೊಟ್ಟೆ. ಅವರು ಪಾಸ್‌ಪೋರ್ಟನ್ನೂ ಡಿಗ್ರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

“ವೆಂಕಟಲಕ್ಷ್ಮಿ ಯಾರು? ನಿಮ್ಮ ಅಕ್ಕನೇ?”

ಅತ್ತೆ, ಅಕ್ಕಿ, ತಟ್ಟೆ ಎಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸಮಾಧಾನವಾಗಿ ಕೇಳಿದರು.

“ಅಕ್ಕಿಯಲ್ಲಿ ಬರೆದದ್ದಕ್ಕೆ ದಾಖಲೆ ಏನಾದರೂ ಇದೆಯೇ?”

“ಪಾಯಸ ಮಾಡಿದೆವು” ಎಂದೆ. ಬೇರೇನು ಹೇಳಲಿ?

ಮಿಸ್ ಪಿಂಟೊ ನಗಲಿಲ್ಲ. ಇಬ್ಬರೂ ಒಬ್ಬಳೇ ಎಂದು ನಿಮ್ಮೂರಿನ ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿದ ಕಾಗದ ತರಿಸಿ, ಆರು ವಾರ ಜಾಗ ಹಿಡಿದಿರುತ್ತೇನೆ ಎಂದರು. ಅಷ್ಟು ಒಳ್ಳೆಯ ಹೆಂಗಸು.

ಮೈಸೂರಿನ ಕಾಗದ

ಅವತ್ತೇ ವಿಮಾನದ ಟಪಾಲಿನಲ್ಲಿ ಭಾವನವರಿಗೆ ಬರೆದೆವು. ಐದು ವಾರವೂ ನಾನು ಅತ್ತೆಯನ್ನು ಮನಸ್ಸಿನಲ್ಲೇ ಬೈದೆ. ಹೆಬ್ಬೆಟ್ಟಿನ ಹೆಂಗಸು, ಸೊಸೆಗೆ ತನ್ನ ಹೆಸರಿದ್ದರೆ ಇವಳ ಯಾವ ಗಂಟು ಹೋಗುತ್ತಿತ್ತು ಎಂದುಕೊಂಡೆ. ಕಾಂತಾಬೆನ್ ಎದುರು ಬಾಯಿ ಬಿಟ್ಟೂ ಬೈದೆ. ಅವರು ತಮ್ಮ ಅತ್ತೆಯನ್ನು ಬೈದರು. ಇಬ್ಬರಿಗೂ ಹಗುರಾಯಿತು.

ಐದನೆಯ ವಾರದ ಕೊನೆಗೆ ಲಕೋಟೆ ಬಂತು. ಮುದ್ರೆ, ಸ್ಟಾಂಪು, ಸಹಿ ಎಲ್ಲ ಸರಿಯಾಗಿತ್ತು. ಅಷ್ಟನ್ನೇ ನೋಡಿ, ಓದದೆ ನೇರ ಮಿಸ್ ಪಿಂಟೊ ಬಳಿಗೆ ಓಡಿದೆ. ಅವರು ಓದಿ, ಮುಖ ಗಂಟಿಕ್ಕಿ, ಕಾಗದವನ್ನು ನನ್ನ ಕಡೆ ತಿರುಗಿಸಿದರು. ಕೋರ್ಟಿನ ಮುಂದೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಯಾರೋ ಮಹಾನುಭಾವ ಬಡಿದಿದ್ದ ಇಂಗ್ಲಿಷ್. ನಮ್ಮವರು ಅವನಿಗೆ, ವೆಂಕಟಲಕ್ಷ್ಮಿ ಅನ್ನೋಳು ಈಗ ಇಲ್ಲ, ಆ ಜಾಗದಲ್ಲಿ ಶಾರದಾ ಅಂತ ಇಟ್ಕೊಂಡಿದೀವಿ ಎಂದು ಹೇಳಿರಬೇಕು. ಅವನು ಮಾತಿಗೆ ಮಾತು ಇಳಿಸಿದ್ದ: ವೆಂಕಟಲಕ್ಷ್ಮಿ ಈಸ್ ನೋ ಮೋರ್. ಇನ್ ಹರ್ ಪ್ಲೇಸ್ ವಿ ಹ್ಯಾವ್ ಕೆಪ್ಟ್ ಶಾರದಾ.

ಹೇಗೂ ಇರಲಿ ಎಂದು ಮಿಸ್ ಪಿಂಟೊ ಒಂದು ಚೀಟಿ ಬರೆದುಕೊಟ್ಟು ಇಲಾಖೆಯ ಕಛೇರಿಗೆ ಕಳಿಸಿದರು. ಬೆಂಚಿನ ಮೇಲೆ ಮೂರು ಗಂಟೆ ಕೂತೆ. ಅಧಿಕಾರಿ ಕಾಗದವನ್ನು ಎರಡು ಸಲ ಓದಿ, ತುಂಬ ಮೆಲುದನಿಯಲ್ಲಿ, “ಮೊದಲ ಹೆಂಡತಿ ತೀರಿಕೊಂಡದ್ದಕ್ಕೆ ವ್ಯಸನವಾಯಿತು. ಆದರೆ ಅವರ ಡಿಗ್ರಿಯನ್ನು ನೀವು ಉಪಯೋಗಿಸುವುದು ಅಪರಾಧ, ತಿಳಿದಿದೆಯೇ?” ಎಂದ. ನಾನೇ ಆ ವೆಂಕಟಲಕ್ಷ್ಮಿ ಎಂದೆ. ಅವನು ಕಾಗದದ ಮೇಲಿನ ಮುದ್ರೆಯನ್ನು ಬೆರಳಿನಿಂದ ತಟ್ಟಿ ತೋರಿಸಿದ. ಮುದ್ರೆಗಿಂತ ನನ್ನ ಮಾತು ದೊಡ್ಡದೇ?

ಬೇರೆ ಕಾಗದ ತರಿಸಲು ಮತ್ತೆ ಅಷ್ಟೇ ದಿನ ಬೇಕು. ಟರ್ಮ್ ಶುರುವಾಯಿತು, ಆ ಜಾಗಕ್ಕೆ ಇನ್ನೊಬ್ಬಳು ಬಂದಳು. ಮುಂದಿನ ವರ್ಷ ನೋಡೋಣ ಎಂದರು ಮಿಸ್ ಪಿಂಟೊ.

ಲಕೋಟೆಯಲ್ಲಿ ಇನ್ನೊಂದು ಹಾಳೆ ಇತ್ತು. ಕಛೇರಿಯಿಂದ ಮನೆಗೆ ಬಂದ ಮೇಲೆ ಕಂಡಿತು. ಅತ್ತೆ ಹೇಳಿದ್ದನ್ನು ಭಾವನವರು ಹಾಗೆಯೇ ಬರೆದಿದ್ದರು.

“ನಿನ್ನ ಕೆಲಸಕ್ಕೆ ಕಲ್ಲು ಬಿತ್ತು ಅಂತ ಕೇಳಿ ಒಟ್ಟೆ ಉರೀತು ಕಣಮ್ಮ. ನನ್ನೆಸ್ರೇ ಇದ್ರೆ ಇರ್ಲಿ, ಒಂದೇ ಎಸ್ರಿನೋರು ಇಬ್ರು ಮನೇಲಿದ್ರೆ ಚೆಂದ ಅಂತ ಅವತ್ತೇ ಬಡ್ಕೊಂಡೆ. ನಿನ್ನ ಗಂಡನೇ ಒಪ್ನಿಲ್ಲ. ಮದ್ವೆ ಮನೇಲಿ ರಂಪ ಯಾಕೆ ಅಂತ ಸುಮ್ಕಾದೆ. ಈಗ ಕೋರ್ಟ್ ಮೆಟ್ಲು ಅತ್ತಿ ಎಬ್ಬೆಟ್ಟು ಒತ್ತಿ ಬಂದಿವ್ನಿ. ಜೀವ್‌ಮಾನದಲ್ಲಿ ಮೊದಲ್ನೇ ಸಲ. ನಿಂಗೆ ಒಳ್ಳೇದಾಗ್ಲಿ.”

ಐದು ವಾರ ಆ ಮುದುಕಿಯನ್ನು ಬೈದಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇವರು ಬಂದ ಮೇಲೆ ಹಾಳೆಯನ್ನು ಕೈಗೆ ಕೊಟ್ಟೆ. ಓದಿ ಮಡಿಸಿ ಮೇಜಿನ ಮೇಲಿಟ್ಟರು.

“ಯಾಕ್ರೀ?”

“ಇಲ್ಲಿ ಆಫೀಸಿನೋರ ಹೆಂಡ್ತೀರೆಲ್ಲ ಉಷಾ, ಮೀನಾ ಅಂತ ಇರ್ತಾರೆ ಕಣೇ. ವೆಂಕಟಲಕ್ಷ್ಮಿ ಅಂದ್ರೆ ಅಳ್ಳಿ ಎಸ್ರು, ನಗ್ತಾರೆ.”

“ಅಮ್ಮನ ಹೆಸರು ಅಂತ ಹೇಳಿದ್ರಿ.”

“ಅದೂ ಇತ್ತಲ್ಲ” ಎಂದರು. ಅವರ ಕಾಗದಗಳಂತೆಯೇ, ಅದೂ ಸುಳ್ಳಲ್ಲ.

ಆಫೀಸಿನವರ ಹೆಂಡತಿಯರಲ್ಲಿ ಒಬ್ಬಳೂ ನಮ್ಮ ಕೋಣೆಗೆ ಬರಲಿಲ್ಲ, ನಮ್ಮನ್ನು ಯಾರೂ ಕರೆಯಲೂ ಇಲ್ಲ. ಬಾರದ ನೆಂಟರಿಗೆ ನನ್ನ ಹೆಸರನ್ನು ಅಡುಗೆ ಮಾಡಿ ಬಡಿಸಿಟ್ಟಿದ್ದರು. ಜಗಳವಾಡುವಷ್ಟು ಕೋಪವೂ ಬರಲಿಲ್ಲ. ಏನೋ ಒಂದು ಕಳಚಿಕೊಂಡಿತು.

ಮತ್ತೆ ಮೊಂಬಾಸಾ

ಒಂಬತ್ತನೆಯ ತಿಂಗಳಿನಲ್ಲಿ ಒಂದು ಶನಿವಾರ ಇವರು ಟೈ ಬಿಚ್ಚದೆ ಮಂಚದ ಮೇಲೆ ಕೂತರು. ನೋಟೀಸು ಬಂದಿತ್ತು. ಬೇರೆ ಕಡೆ ನೋಡುತ್ತೇನೆ, ಪಕ್ಕದ ದೇಶದ ಕಂಪಾಲದಲ್ಲಿ ಯಾರೋ ಇದ್ದಾರೆ ಎಂದರು. ನಾನು ಕಾಂತಾಬೆನ್ ಜೊತೆ ಸೇರಿ ಅಂಗಡಿಗೆ ಹಪ್ಪಳ ಒತ್ತಿಕೊಟ್ಟೆ. ಅದಕ್ಕೆ ಡಿಗ್ರಿಯನ್ನು ಯಾರೂ ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಹಪ್ಪಳ ಒತ್ತಿ ಆ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ.

ನನ್ನ ರಜೆ ಮುಗಿಯಲು ಆರು ವಾರ ಉಳಿದಿತ್ತು. ಮೈಸೂರಿಗೆ ಹೋಗೋಣ, ನನ್ನ ಕೆಲಸ ಇದೆ, ಇಬ್ಬರೂ ಬದುಕಬಹುದು ಎಂದೆ. ಇವರು ತಲೆಯೆತ್ತಲಿಲ್ಲ.

“ಎಂಡ್ತಿ ಸಂಬಳದಲ್ಲಿ ಕೂತು ತಿನ್ನೋಕೆ ಕೊಪ್ಪಲಿಗೆ ಬರ್ಲಾ? ಜನ ಏನಂದಾರು?”

“ನಾನೊಬ್ಬಳೇ ಹೋದ್ರೆ?”

“ಅದಕ್ಕೂ ಅಂತಾರೆ” ಎಂದರು. ಆದರೆ ಬೇಡ ಎನ್ನಲಿಲ್ಲ.

ಎರಡು ಬಳೆ ಮಾರಿ ಟಿಕೆಟ್ ತೆಗೆದೆ. ಇವರು ಮೊಂಬಾಸಾದವರೆಗೂ ರೈಲಿನಲ್ಲಿ ಬಂದರು. ದಾರಿಯುದ್ದಕ್ಕೂ ಕಂಪಾಲದ ಕೆಲಸದ ಮಾತು. ಕೆಟ್ಟ ಮನುಷ್ಯರಲ್ಲ. ಸ್ಟೇಷನ್ನಿನಲ್ಲಿ ನನಗೆಂದು ಬಾಳೆಹಣ್ಣು ತಂದರು, ಸಿಪ್ಪೆ ಸುಲಿದು ಕೊಟ್ಟರು. ಅದನ್ನು ತಿನ್ನುತ್ತ, ಹತ್ತು ತಿಂಗಳಲ್ಲಿ ಈ ಮನುಷ್ಯನಿಗೆ ನನ್ನನ್ನು ನನ್ನ ಹೆಸರಿನಿಂದ ಒಂದು ಸಲವಾದರೂ ಕೂಗಬೇಕೆನ್ನಿಸಲಿಲ್ಲವಲ್ಲ ಎಂದುಕೊಂಡೆ.

ಹಡಗಿನ ಏಣಿಯ ಬಳಿ ಜನ ನುಗ್ಗುತ್ತಿದ್ದರು. ಇವರು ನನ್ನ ಪೆಟ್ಟಿಗೆಯನ್ನು ಕೂಲಿಯವನ ತಲೆಗೆ ಏರಿಸಿದರು.

“ಆರು ತಿಂಗಳು ಅಷ್ಟೇ. ಕಂಪಾಲದಲ್ಲಿ ನಿಂತ್ಕೊಂಡ್ಮೇಲೆ ಕರೆಸ್ಕೋತೀನಿ. ಸ್ಕೂಲಿಗೆ ರಾಜೀನಾಮೆ ಬಿಸಾಕಿ ಬಂದ್ಬುಡು. ಹುಷಾರು, ಶಾರದಾ.”

ನಮ್ಮಲ್ಲಿ ಬೀದಿ ತುದಿಯ ಅಂಗಡಿಗೆ ಹೊರಟವರೂ ಹೋಗಿಬರ್ತೀನಿ ಎಂದೇ ಹೇಳುವುದು. ಬರಿದೇ ಹೋಗ್ತೀನಿ ಎಂದರೆ ಹಿರಿಯರು ತಲೆಯ ಮೇಲೆ ಮೊಟಕುತ್ತಾರೆ; ಆ ಮಾತು ತಿರುಗಿ ಬರದವರದು. ಇವರು ನನ್ನ ಬಾಯಿಂದ ‘ಹೋಗಿಬರ್ತೀನಿ’ ಕೇಳಲೆಂದು ಕಾದು ನಿಂತಿದ್ದರು.

“ಹೋಗ್ತೀನಿ” ಎಂದೆ.

ಅವರು ನನ್ನ ಮುಖ ನೋಡಿದರು. ಎಷ್ಟಾದರೂ ಕುಂಬಾರಕೊಪ್ಪಲಿನವರು. ತಿದ್ದಿ ಹೇಳು ಎನ್ನಲಿಲ್ಲ.